ಬಾಬಣ್ಣನ ಬಾಯಲ್ಲಿ ಹೊಗೆಸೊಪ್ಪಿರಲಿಲ್ಲ

ಸುಗುಣಕ್ಕ, ನಿಮ್ಮ ಯಜಮಾನರು ಬಾಬಣ್ಣ ನಮ್ಮ ಹುಳದ ಮನೆಯೊಳಗೆ ಹೊಗೆಸೊಪ್ಪು ಅಗಿಯಲಿಲ್ಲ. ಆ ಬೆಳೆಯ ರೇಷ್ಮೆ ಹುಳವೆಲ್ಲ ಸತ್ತದ್ದು ನನ್ನ ಕೈಯಿಂದ. ಇದು ನನಗೆ ಆಮೇಲೆ ಯಾವತ್ತೋ ಗೊತ್ತಾದದ್ದಲ್ಲ — ಆವತ್ತೇ ಗೊತ್ತಿತ್ತು. ಊರಿನವರು ಅವರನ್ನು ಸುತ್ತುಗಟ್ಟಿ ನಿಲ್ಲಿಸಿಕೊಂಡು ಕೇಳುತ್ತಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ನಾನು ಒಂದು ಮಾತು ಆಡಿದೆ. ಆ ಮಾತಿನಿಂದ ನಿಮ್ಮ ಸಂಸಾರ ನಮ್ಮೂರು ಬಿಡಬೇಕಾಯಿತು.

ಇದನ್ನು ನಿಮ್ಮ ಎದುರಿಗೆ ಕೂತು ಹೇಳಬೇಕು. ನಿಮಗೆ ಕನ್ನಡ ಓದಲು ಬಾರದೆಂದೂ ಬಲ್ಲೆ. ಆದರೂ ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಮುಖ ಕಂಡ ಕೂಡಲೇ ನನ್ನ ನಾಲಿಗೆ ಕಾಫಿ, ತಿಂಡಿ, ಮಕ್ಕಳು ಎಂದು ಬೇರೆ ದಾರಿ ಹಿಡಿದುಬಿಡುತ್ತದೆ. ಹೋದ ತಿಂಗಳು ನೀವು ಬಂದಾಗಲೂ ಹಾಗೆಯೇ ಆಯಿತಲ್ಲ. ಕಾಗದದ ಮೇಲಾದರೆ ಅದು ತಪ್ಪಿಸಿಕೊಳ್ಳುವುದಿಲ್ಲ — ಅಥವಾ ತಪ್ಪಿಸಿಕೊಂಡರೂ ನನಗೇ ಕಾಣುತ್ತದೆ.

ನೀವು ಬಂದ ಕಾಲವನ್ನು ನೆನೆಯುತ್ತೇನೆ. ಎರಡು ಸಾವಿರದ ಐದೋ ಆರೋ ಇಸವಿ. ಬಿಡದಿಯ ಕಡೆ ಕಾರ್ಖಾನೆಯ ಮೇಲೆ ಕಾರ್ಖಾನೆ ಏಳುತ್ತಿತ್ತು. ನಮ್ಮ ಕೈಲಾಂಚದ ಕಡೆಯ ಹಳ್ಳಿಗಳಲ್ಲೂ ಜನ ಹೆಂಚು ಇಳಿಸಿ ತಾರಸಿ ಹಾಕಿಸುವ ಹುರುಪಿನಲ್ಲಿದ್ದರು. ನಮ್ಮ ಕಡೆಯ ಆಚಾರಿಗಳು ಕೈಗೆ ಸಿಗುತ್ತಿರಲಿಲ್ಲ. ಆಗ ಬಾಬಣ್ಣ ರಾಜಸ್ಥಾನದಿಂದ ಬಂದರು. ಮೊದಲು ಒಬ್ಬರೇ, ಒಂದು ಗೋಣಿಚೀಲದಲ್ಲಿ ಗರಗಸ, ಉಳಿ, ತೋಪಡ ತುಂಬಿಕೊಂಡು. ಹೆಸರು ಬಾಬುಲಾಲ್. ಆ ಕಡೆಯಿಂದ ಬಂದವರೆಲ್ಲ ಗಿರವಿ ಅಂಗಡಿಯವರೇ ಎಂದು ತಿಳಿದ ನಮ್ಮೂರು, ಬೆವರಿನಲ್ಲಿ ತೊಯ್ದು ಮರ ಕೊಯ್ಯುವ ಅವರನ್ನೂ 'ಸೇಟು' ಎಂದೇ ಕರೆಯಿತು. ನಮ್ಮ ಮಾವ ನಮ್ಮ ಮನೆಯ ಬಾಗಿಲು ಕಿಟಕಿಯ ಕೆಲಸ ಕೊಟ್ಟು, ಹಿತ್ತಲಿನ ಹಳೆಯ ಕೊಟ್ಟಿಗೆಯ ಕೋಣೆಯನ್ನು ಇರಲು ಬಿಟ್ಟರು. ಆರು ತಿಂಗಳಿಗೆ ಅವರು ಊರಿಗೆ ಹೋಗಿ ನಿಮ್ಮನ್ನೂ ಪುಟ್ಟ ಗೀತಾಳನ್ನೂ ಕರೆತಂದರು. ನಿಮ್ಮ ಹೆಸರು ಸುಗನಾ. ಅದು ನಮ್ಮ ಅತ್ತೆಯ ಬಾಯಿಗೆ ಒಗ್ಗದೆ ಅವತ್ತೇ ಸಂಜೆಯೊಳಗೆ ಸುಗುಣ ಆದಿರಿ.

ನೀವು ಮೊದಲ ಸಲ ನಮ್ಮ ಮನೆಯಲ್ಲಿ ಮುದ್ದೆ ಉಂಡದ್ದು ನೆನಪಿದೆಯೇ? ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ಒಳಗೊಳಗೇ ಅಗಿದೂ ಅಗಿದೂ ಮುದ್ದೆಯೊಡನೆ ಗುದ್ದಾಡುತ್ತಿದ್ದಿರಿ. "ಅಗೀಬಾರ್ದು ಕಣಕ್ಕ, ನುಂಗ್ಬೇಕು" ಎಂದು ನಾನು ಹೇಳಿದಾಗ ಸೆರಗೆತ್ತಿ ನೋಡಿದಿರಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವತ್ತಿನಿಂದ ನನಗೆ ಆ ಮನೆಯಲ್ಲಿ ಒಬ್ಬರು ಸಿಕ್ಕಿದರು. ನನ್ನ ಮಗುವಿಗೆ ಆಗ ಎಂಟೋ ಒಂಬತ್ತೋ ತಿಂಗಳು. ಅದು ರಚ್ಚೆ ಹಿಡಿದಾಗ ನೀವು ಎತ್ತಿಕೊಂಡು ನಿಮ್ಮ ಭಾಷೆಯಲ್ಲಿ ಏನೋ ಗುನುಗುತ್ತಿದ್ದಿರಿ, ಅರ್ಥ ಗೊತ್ತಿಲ್ಲದಿದ್ದರೂ ಮಗು ಸುಮ್ಮನಾಗುತ್ತಿತ್ತು. ನಾನೂ ಸುಮ್ಮನಾಗುತ್ತಿದ್ದೆ.

ಆ ಮನೆಯಲ್ಲಿ ನನ್ನ ಸ್ಥಿತಿ ನಿಮಗೆ ಗೊತ್ತಿತ್ತು, ಆದರೂ ಬರೆಯುತ್ತೇನೆ — ನೆಪಕ್ಕಲ್ಲ. ನನ್ನ ತವರು ಸೋಲೂರಿನ ಹತ್ತಿರ. ಅಪ್ಪ ಹೋದ ಮೇಲೆ ಅಣ್ಣ ಅತ್ತಿಗೆಯ ಸಂಸಾರ. ಹಬ್ಬಕ್ಕೆ ಹೋದರೂ ಎರಡನೆಯ ದಿನ ಅತ್ತಿಗೆ ಬಸ್ಸಿನ ವಿಚಾರ ತೆಗೆಯುತ್ತಿದ್ದಳು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದರು. ಪಾಳಿ ಮುಗಿಸಿ ಬಂದು ಮಲಗುವರು, ಎದ್ದು ಹೋಗುವರು. ಸೊಪ್ಪು ಕೊಯ್ಯಲು, ಹುಳಕ್ಕೆ ಸೊಪ್ಪು ಹಾಕಲು ಮೊದಲು ಕೇರಿಯಿಂದ ಹೆಂಗಸರು ಬರುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರನ್ನೆಲ್ಲ ಬೆಳಿಗ್ಗೆ ಬೆಳಿಗ್ಗೆಯೇ ಗಾರ್ಮೆಂಟ್ಸ್‌ನ ವ್ಯಾನು ತುಂಬಿಕೊಂಡು ಹೋಗುತ್ತಿತ್ತು. ಆ ವ್ಯಾನಿನ ಹಾರನ್ ಕೇಳಿದಾಗಲೆಲ್ಲ ನನಗೂ ಓಡಿಹೋಗಿ ಹತ್ತಿಬಿಡೋಣ ಅನ್ನಿಸುತ್ತಿತ್ತು. ಪಿಯುಸಿ ಓದಿದವಳು ನಾನು. ಆದರೆ ಗೌಡರ ಮನೆಯ ಸೊಸೆ ವ್ಯಾನು ಹತ್ತುವುದುಂಟೇ?

ಮೂವರು ಹೆಂಗಸರು ಮಾಡುತ್ತಿದ್ದ ಕೆಲಸ ನನ್ನೊಬ್ಬಳ ಮೇಲೆ ಬಿತ್ತು. ರೇಷ್ಮೆ ಹುಳ ಸಾಕಿದವರಿಗೇ ಗೊತ್ತು, ಅವು ಮನೆಯಲ್ಲಿರುವಷ್ಟು ದಿನ ಮನೆಯವರಿಗೆ ಮನೆ ಬಿಟ್ಟು ಹೋಗಲಾಗುವುದಿಲ್ಲ. ಸೊಪ್ಪು ಒಂದು ಹೊತ್ತು ತಡವಾಗುವಂತಿಲ್ಲ. ಸೊಪ್ಪು ಒದ್ದೆಯಾಗುವಂತಿಲ್ಲ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಒಳಗೆ ಬರುವಂತಿಲ್ಲ. ಹುಳದ ಮನೆಗೆ ಕಾಲಿಡುವವರು ಚಪ್ಪಲಿ ಬಿಟ್ಟು, ಹೊಸಿಲ ಮುಂದಿನ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ, ಕೈ ತೊಳೆದು ಬರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೊಗೆಸೊಪ್ಪಿನದು. ಅದರ ಸೋಂಕು ತಗುಲಿದರೆ ಹುಳ ಉಳಿಯುವುದಿಲ್ಲ. ನಮ್ಮ ಮಾವನೇ ಬೀಡಿ ಸೇದಿದರೆ ಸ್ನಾನ ಮಾಡದೆ ಒಳಗೆ ಬರುತ್ತಿರಲಿಲ್ಲ.

ನಿಮ್ಮ ಯಜಮಾನರಿಗೆ ಹೊಗೆಸೊಪ್ಪಿನ ಅಭ್ಯಾಸವಿತ್ತು. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ತುಟಿಯೊಳಗೆ ಇಡುವರು. ಆದರೆ ನಮ್ಮ ಹೊಸ ಹುಳದ ಮನೆಯ ಕೆಲಸ ಹಿಡಿದ ಮೇಲೆ ಆ ತಗಡಿನ ಡಬ್ಬಿಯನ್ನು ಯಾವಾಗಲೂ ಆಚೆಯ ಮೋಟುಗೋಡೆಯ ಮೇಲಿಟ್ಟು, ತೊಟ್ಟಿಯಲ್ಲಿ ಬಾಯಿ ಮುಕ್ಕಳಿಸಿ, ಸೀಗೆಪುಡಿ ಹಾಕಿ ಕೈ ತೊಳೆದುಕೊಂಡೇ ಬರುತ್ತಿದ್ದರು. ನಾನು ಎಷ್ಟು ಸಲ ನೋಡಿದ್ದೇನೆ! ಸರ್ಕಾರದವರು ಬೇರೆಯಾಗಿ ಹುಳದ ಮನೆ ಕಟ್ಟಿಸಿಕೊಳ್ಳಿ ಎನ್ನುತ್ತಿದ್ದ ಕಾಲ ಅದು. ನಮ್ಮ ಮನೆಗೆ ಅವರು ಮಾಡಿಕೊಟ್ಟ, ಹುಳದ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡು, ನೊಣ ನುಸುಳದ ಬಲೆಯ ಬಾಗಿಲು ನೋಡಿ ಸುತ್ತಿನ ಹಳ್ಳಿಯವರು ನಮಗೂ ಬೇಕು ಎಂದು ಬರತೊಡಗಿದ್ದರು. ಊರಾಚೆ ರಸ್ತೆ ಬದಿಯಲ್ಲಿ ಸ್ವಂತ ಶೆಡ್ಡು ಹಾಕಬೇಕೆಂದು ನೀವಿಬ್ಬರೂ ಮಾತಾಡಿಕೊಳ್ಳುತ್ತಿದ್ದಿರಿ. ಗೀತಾ ಇಲ್ಲೇ ಕನ್ನಡ ಶಾಲೆಯಲ್ಲಿ ಓದಲಿ, ಇನ್ನು ನಾವು ಈ ಊರಿನವರೇ ಎಂದು ನೀವೇ ನನಗೆ ಹೇಳಿದ್ದಿರಿ, ಅಕ್ಕಿ ಆರಿಸುತ್ತಾ.

ಇನ್ನು ನಾನು ಮಾಡಿದ್ದಕ್ಕೆ ಬರುತ್ತೇನೆ.

ಹುಳಕ್ಕೆ ಇರುವೆ ಶತ್ರು. ಅದಕ್ಕೆ ಸ್ಟ್ಯಾಂಡಿನ ಒಂದೊಂದು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಾರೆ. ಆ ಬಟ್ಟಲುಗಳಿಗೆ ದಿನಾ ನೀರು ತುಂಬುವುದು ನನ್ನ ಕೆಲಸ. ಬಗ್ಗಿ ಬಗ್ಗಿ, ಕಸ ತೆಗೆದು, ತುಂಬಿ — ಹಾಲುಣ್ಣುವ ಮಗುವಿನ ತಾಯಿಗೆ ಸೊಂಟ ಬಿದ್ದುಹೋಗುತ್ತಿತ್ತು. ಆ ದಿನಗಳಲ್ಲಿ ಮಗುವಿನ ತೊಟ್ಟಿಲ ಹಗ್ಗದ ಮೇಲೂ ಇರುವೆ ಹತ್ತುತ್ತಿದ್ದವು. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಇರುವೆ ಚಾಕ್ ಮಾರುತ್ತಿದ್ದ. ಸೀಮೆಸುಣ್ಣದಂಥ ಬಿಳಿ ಕಡ್ಡಿ, ಗೆರೆ ಎಳೆದರೆ ಇರುವೆ ದಾಟುವುದಿಲ್ಲ. ತೊಟ್ಟಿಲ ಕೊಂಡಿಯ ಸುತ್ತ ಗೆರೆ ಎಳೆದೆ, ಇರುವೆ ನಿಂತಿತು. ನನಗೋ ದೊಡ್ಡ ವಿದ್ಯೆ ಸಿಕ್ಕಿದಷ್ಟು ಸಂತೋಷ. ಮಾರನೆಯ ಬೆಳಿಗ್ಗೆ, ಹುಳ ಪೊರೆ ಬಿಡುವ ನಾಲ್ಕನೇ ಜ್ವರ ಮುಗಿಸಿ ಎದ್ದು ಹಸಿವಿನಿಂದ ಕಡಿಯುತ್ತಿದ್ದ ದಿನ, ಬಟ್ಟಲುಗಳಿಗೆ ನೀರು ತುಂಬುವ ಬದಲು ಸ್ಟ್ಯಾಂಡಿನ ಕಾಲಿಗೆಲ್ಲ ಆ ಚಾಕಿನಿಂದ ಎರಡೆರಡು ಸುತ್ತು ಗೆರೆ ಎಳೆದುಬಿಟ್ಟೆ. ಆಮೇಲೆ ಅದೇ ಕೈಯಲ್ಲಿ ಸೊಪ್ಪು ಹಾಕಿದೆ. ಸೆರಗಿಗೆ ಒರೆಸಿಕೊಂಡಿದ್ದೆ, ತೊಳೆದಿರಲಿಲ್ಲ. ಹೊರಗಿನವರಿಗೆ ಕೈ ತೊಳೆಯಿರಿ ಎಂದು ಗದರುವವಳು ನಾನೇ.

ಇರುವೆಯನ್ನು ಕೊಲ್ಲುವುದು ಹುಳವನ್ನು ಬಿಟ್ಟೀತೇ? ರೇಷ್ಮೆ ಇಲಾಖೆಯವರು ಊರಿಗೆ ಬಂದಾಗ ಹುಳದ ಮನೆಯ ಹತ್ತಿರ ಯಾವ ಕೀಟದ ಔಷಧಿಯೂ ಬೇಡವೆಂದು ಹೇಳಿದ್ದರು. ನಾನೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ್ದೆ. ಸೀಮೆಸುಣ್ಣದ ಹಾಗಿರುವ ಒಂದು ಕಡ್ಡಿ ಔಷಧಿಯೂ ಹೌದು ಎಂದು ಆ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ.

ಬೆಳಗಿನ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಮಾವ ಒಂದು ಕಿಟಕಿಯ ಬಲೆ ಸಡಿಲವಾದದ್ದು ನೋಡಿ ಬಾಬಣ್ಣನನ್ನು ಕರೆಸಿದರು. ಮಾವ ತೋಟಕ್ಕೆ ಹೋದರು. ಅತ್ತೆ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಒಳಗೆ ಮಲಗಿದ್ದರು. ನೀವು ಗೀತಾಳನ್ನು ಶಾಲೆಗೆ ಬಿಡಲು ಹೋಗಿದ್ದಿರಿ. ಬಾಬಣ್ಣ ಬಂದರು, ಡಬ್ಬಿಯನ್ನು ಮೋಟುಗೋಡೆಯ ಮೇಲಿಟ್ಟರು, ಬಾಯಿ ಮುಕ್ಕಳಿಸಿದರು, ಕೈ ತೊಳೆದರು, ಕಾಲದ್ದಿ ಒಳಗೆ ಬಂದರು. ಏನೂ ತಿನ್ನದೆ ಕೆಲಸಕ್ಕೆ ಬಂದಿದ್ದಾರೆಂದು ನನಗೆ ಗೊತ್ತಾಯಿತು. ಅತ್ತೆಯ ಡಬ್ಬದಿಂದ ಒಂದು ಚೂರು ಒಣಕೊಬ್ಬರಿ, ಒಂದು ಚೂರು ಬೆಲ್ಲ ತಂದು ಕೊಟ್ಟೆ. "ಯಾರ್ಗೂ ಹೇಳ್ಬೇಡಿ ಅಣ್ಣ, ಅತ್ತೆ ಎಣಿಸಿಟ್ಟಿರ್ತಾರೆ" ಎಂದು ನಕ್ಕೆ. ಅವರೂ ನಕ್ಕು ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ಕಿಟಕಿಗೆ ಮೊಳೆ ಹೊಡೆದರು. ಕೆಲಸ ಮುಗಿಸಿ, ಡಬ್ಬಿ ತೆಗೆದುಕೊಂಡು ಹೋದರು. ಇಷ್ಟೇ, ಸುಗುಣಕ್ಕ. ಅವರು ಅವತ್ತು ಆ ಮನೆಯೊಳಗೆ ಮಾಡಿದ್ದು ಇಷ್ಟೇ.

ಸಂಜೆ ಸೊಪ್ಪು ಹಾಕಲು ಹೋದಾಗ ಬೆಳಗಿನ ಸೊಪ್ಪು ಹಾಗೆಯೇ ಇತ್ತು. ಸಾಮಾನ್ಯವಾಗಿ ಆ ಹೊತ್ತಿಗೆ ಹುಳ ಸೊಪ್ಪು ಕಡಿಯುವ ಸದ್ದು ಹೊಸಿಲಲ್ಲೇ ಕೇಳುತ್ತದೆ. ಅವತ್ತು ಸದ್ದೇ ಇಲ್ಲ. ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ನಾನು ಕೆಳಗೆ ನೋಡಿದೆ. ಸ್ಟ್ಯಾಂಡಿನ ಕಾಲ ಬುಡದಲ್ಲಿ ಇರುವೆಗಳು ಬೆನ್ನ ಮೇಲೆ ಬಿದ್ದು ಹಾಗೆಯೇ ಒದ್ದಾಡುತ್ತಿದ್ದವು. ಅಷ್ಟು ಸಾಕಾಗಿತ್ತು. ಒದ್ದೆ ಬಟ್ಟೆ ತಂದು ಕಾಲುಗಳ ಮೇಲಿನ ಗೆರೆಗಳನ್ನೆಲ್ಲ ಒರೆಸಿದೆ. ಬಟ್ಟಲಿಗೆ ನೀರು ತುಂಬಿದೆ. ಉಳಿದ ಚಾಕನ್ನು ತಿಪ್ಪೆಯೊಳಗೆ ಹುಗಿದೆ. ಬಟ್ಟಲು ತುಂಬಲು ಸೋಮಾರಿತನ ಮಾಡಿದವಳು ಅಡಗಿಸುವುದಕ್ಕೆ ಎಷ್ಟು ಚುರುಕಾಗಿ ಓಡಾಡಿದೆ ಎಂದು ಈಗಲೂ ನೆನೆದು ನಾಚುತ್ತೇನೆ. ಎಲ್ಲ ಒರೆಸಿ ಆದ ಮೇಲೆ ಮಾವನನ್ನು ಕೂಗಿದೆ.

ಆ ಬೆಳೆ ನಮ್ಮ ನಾದಿನಿಯ ಮದುವೆಗೆಂದು ಇಟ್ಟದ್ದು. ಹಿಂದಿನ ಬೆಳೆಯೂ ಕೈಕೊಟ್ಟಿತ್ತು. ಆಗಲೇ ಅತ್ತೆ, "ಇವ್ಳ ಕಾಲ್ಗುಣ ನಮ್ಮ ಹುಳಕ್ಕೆ ಆಗ್ಬರಾಕಿಲ್ಲ" ಎಂದಿದ್ದರು. ಇನ್ನೊಂದು ಬೆಳೆ ಹೋದರೆ ಸೋಲೂರಿಗೆ ಬಿಟ್ಟು ಬರುವುದೇ ಸರಿ ಎಂದು ಮಾವ ನಮ್ಮ ಯಜಮಾನರಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಮಗುವನ್ನು ಜೊತೆಗೆ ಕಳಿಸುತ್ತಿದ್ದರೋ ಇಲ್ಲವೋ — ಅದನ್ನು ಯೋಚಿಸಲೂ ನನಗೆ ಧೈರ್ಯವಿರಲಿಲ್ಲ.

ಹುಳ ಕೆಟ್ಟ ಸುದ್ದಿ ನಮ್ಮ ಕಡೆ ಸಾವಿನ ಸುದ್ದಿಯಷ್ಟೇ ಬೇಗ ಹರಡುತ್ತದೆ. ಅಂಗಳದ ತುಂಬ ಜನ. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಹುಳವನ್ನು ಅಂಗೈ ಮೇಲಿಟ್ಟು ನೋಡಿ, "ಇದು ರೋಗ ಅಲ್ಲ ಕಣ್ಲಾ. ಇಸ ಸೋಕೈತೆ. ಹೊಗೆಸೊಪ್ಪಿಂದೇ ಇರ್ಬೇಕು" ಎಂದರು. ವಿಷವೆಂದದ್ದು ನಿಜವೇ ಆಗಿತ್ತು. ಇವತ್ತು ಒಳಗೆ ಯಾರು ಬಂದಿದ್ದರು ಎಂಬ ಮಾತು ಎದ್ದಿತು. ಬಾಬಣ್ಣನನ್ನು ಕರೆತಂದರು. ನೀವೂ ಗೀತಾಳ ಕೈ ಹಿಡಿದುಕೊಂಡು ಕೊಟ್ಟಿಗೆಯ ಮರೆಯಲ್ಲಿ ನಿಂತಿರಿ.

"ಏನ್ಲಾ ಸೇಟು, ಬಾಯ್ಗಾಕ್ಕಂಡು ಒಳೀಕೆ ಬಂದಿದ್ದೇನ್ಲಾ?" ಎಂದರು ಮಾವ.

"ಇಲ್ಲ ಗೌಡ್ರೇ. ಡಬ್ಬಿ ಗೋಡೆ ಮೇಲೆ ಇಟ್ಟೆ. ನನ್ ಮಗಳಾಣೆ, ತಿಂದಿಲ್ಲ."

ಮಾವ ನನ್ನ ಕಡೆ ತಿರುಗಿದರು. "ಜಯಾ, ನೀನು ಒಳ್ಗೇ ಇದ್ದೆಯಲ್ಲವ್ವ. ಏನಾರ ಕಂಡಾ? ಇದ್ದದ್ದು ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೊಂಟದ ಮೇಲೆ ಮಗು. ಆಗ ನಾನು ಅಂದೆ:

"ಏನೋ ಅಗೀತಿದ್ರು, ಮಾವ."

ನೋಡಿ, ಎಷ್ಟು ಜಾಣೆ ನಾನು. ಆ ಮಾತಿನಲ್ಲಿ ಒಂದೇ ಒಂದು ಸುಳ್ಳಿಲ್ಲ. ಅವರು ಅಗಿಯುತ್ತಿದ್ದರು. ನಾನೇ ಕೊಟ್ಟದ್ದನ್ನು ಅಗಿಯುತ್ತಿದ್ದರು. ಸುಳ್ಳನ್ನೇ ಹೇಳಿದ್ದರೂ ಪರವಾಗಿರಲಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ — ಸುಳ್ಳಿಗೆ ಸುಳ್ಳೆಂಬ ಹೆಸರಾದರೂ ಇರುತ್ತದೆ. ನಾನು ನಿಜದಿಂದಲೇ ಅವರ ಕುತ್ತಿಗೆ ಕೊಯ್ದೆ.

ಬಾಬಣ್ಣ ನನ್ನನ್ನು ನೋಡಿದರು. ಕೊಬ್ಬರಿ ಎಂದು ಒಂದು ಮಾತು ಅವರು ಹೇಳಬಹುದಿತ್ತು. ಬಾಯಿ ತೆರೆದದ್ದೂ ಉಂಟು. ಆದರೆ ಅಷ್ಟು ಗಂಡಸರ ನಡುವೆ, ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಗೌಡರ ಸೊಸೆ ಅತ್ತೆಗೆ ತಿಳಿಯದಂತೆ ಪರ ಗಂಡಸಿಗೆ ತಿನ್ನಲು ಕೊಟ್ಟಳು ಎಂದರೆ ಊರು ಅದನ್ನು ಏನೆಂದು ಆಡಿಕೊಳ್ಳುತ್ತಿತ್ತು ಎಂಬುದು ಅವರಿಗೂ ಗೊತ್ತಿತ್ತು. ನಾನು ನಕ್ಕು ಹೇಳಿದ 'ಯಾರ್ಗೂ ಹೇಳ್ಬೇಡಿ' ಎಂಬ ಮಾತನ್ನು ಆ ಮನುಷ್ಯ ಉಳಿಸಿಕೊಂಡರು. ತಲೆ ತಗ್ಗಿಸಿದರು. ತಗ್ಗಿಸಿದ ತಲೆಯನ್ನು ಊರು ತಪ್ಪೊಪ್ಪಿಗೆ ಎಂದುಕೊಂಡಿತು.

ಮಾವ ಹೊಡೆಯಲಿಲ್ಲ. ಹೊಡೆದಿದ್ದರೆ ನಾಲ್ಕು ದಿನಕ್ಕೆ ಮುಗಿಯುತ್ತಿತ್ತೇನೋ. "ನಾಳೆ ಹೊತ್ತಾರೆಗೆ ನನ್ ಕೊಟ್ಟಿಗೆ ಖಾಲಿ ಇರ್ಬೇಕು" ಎಂದರು, ಅಷ್ಟೆ. ಆಮೇಲೆ ನೀವು ಬಂದಿರಿ. ಬಂದು ಅತ್ತೆಯ ಕಾಲು ಹಿಡಿದಿರಿ. "ತಪ್ಪಾಯ್ತು ಅಮ್ಮಾ. ಅವ್ರ ಬಾಯಿ ಸುಟ್ಟೋಗಾ. ನಾನು ಎಷ್ಟು ಹೇಳ್ದೆ, ಕೇಳಿಲ್ಲ" ಎಂದು ಅತ್ತಿರಿ. ಎಲ್ಲರೆದುರು ಗಂಡನ ಕೈಯಿಂದ ಆ ತಗಡಿನ ಡಬ್ಬಿ ಕಿತ್ತುಕೊಂಡು ಎಸೆದಿರಿ. ನಾನು ಎರಡು ಮಾರು ದೂರದಲ್ಲಿದ್ದೆ. ಮಗು ನಿಮ್ಮನ್ನು ನೋಡಿ ಕೈ ಚಾಚುತ್ತಿತ್ತು. ನಾನು ಅದನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡೆ.

ಬಾಬಣ್ಣ ಮಾಡಿದ ಸ್ಟ್ಯಾಂಡುಗಳನ್ನು ಮಾವ ಒಡೆಸಿ ನೀರೊಲೆಗೆ ಹಾಕಿಸಿದರು. ಸೋಂಕು ತಗುಲಿದ ಮರ ಮತ್ತೆ ಹುಳಕ್ಕೆ ಬೇಡವೆಂದು. ಎಷ್ಟೋ ದಿನ ನಾವೆಲ್ಲ ಆ ಮರ ಉರಿಸಿದ ಬಿಸಿನೀರಿನಲ್ಲಿ ಸ್ನಾನ ಮಾಡಿದೆವು. ಸುತ್ತಿನ ಹಳ್ಳಿಗಳಲ್ಲಿ ಕೆಲಸ ಒಪ್ಪಿಸಿದ್ದವರೆಲ್ಲ ಹಿಂದೆ ಸರಿದರು. ಹುಳ ಸಾಕುವ ಯಾವ ಊರಿನಲ್ಲೂ ಅವರನ್ನು ಹೊಸಿಲೊಳಗೆ ಬಿಡುವವರಿರಲಿಲ್ಲ. ಹುಳ ಸಾಕದ ಊರು ನಮ್ಮ ಸುತ್ತ ಯಾವುದಿತ್ತು?

ನೀವು ಬಿಡದಿಯ ಕಡೆ ಹೋದಿರಿ, ಬಾಬಣ್ಣ ಕಾರ್ಖಾನೆಗಳಿಗೆ ಸರಕು ತುಂಬುವ ಮರದ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ ಸೇರಿದರು ಎಂದು ಆಮೇಲೆ ತಿಳಿಯಿತು. ಬಾಗಿಲಿಗೆ ಹೂಬಳ್ಳಿ ಕೆತ್ತುತ್ತಿದ್ದ ಕೈಗೆ ದಿನವಿಡೀ ಒಂದೇ ಅಳತೆಯ ಪೆಟ್ಟಿಗೆ, ಒಂದೇ ಅಳತೆಯ ಮೊಳೆ. ತಗಡಿನ ಸೂರಿನ ಸಾಲುಮನೆಯ ಒಂದು ಕೋಣೆ. ಇತ್ತ ನಾನು ಆ ಮನೆಯಲ್ಲಿ ಉಳಿದೆ. ಉಳಿದದ್ದಕ್ಕೆ ಬಾಡಿಗೆಯ ಹಾಗೆ ಪ್ರತಿ ಬೆಳೆಯಲ್ಲೂ ಆ ಕಥೆ ಹೇಳಬೇಕಾಗುತ್ತಿತ್ತು. ಹೊಸಬರು ಬಂದರೆ ಅತ್ತೆ, "ಹೇಳಮ್ಮಿ, ಆ ಸೇಟು ಏನ್ ಮಾಡ್ದ ಅಂತ" ಎನ್ನುವರು. ನಾನು ಹೇಳುತ್ತಿದ್ದೆ. 'ಏನೋ ಅಗೀತಿದ್ರು' ಎಂಬಲ್ಲಿಗೆ ಬಂದಾಗ ಎಲ್ಲರೂ ತಲೆದೂಗುವರು. ಆಮೇಲಾಮೇಲೆ ಬಿಹಾರದವರು, ಒಡಿಶಾದವರು ಕೆಲಸಕ್ಕೆ ಬಂದಾಗ ಅವರನ್ನು ಅಂಗಳದಲ್ಲೇ ತಡೆದು ನಿಲ್ಲಿಸುವುದಕ್ಕೂ ನನ್ನ ಕಥೆಯೇ ಆಧಾರವಾಯಿತು.

ಒಮ್ಮೆ ಬಾಬಣ್ಣ ಸಿಕ್ಕಿದ್ದರು. ಇದು ನಿಮಗೆ ಗೊತ್ತಿಲ್ಲ. ರಾಮನಗರದ ಆಸ್ಪತ್ರೆಯಲ್ಲಿ, ಮಗನ ಜ್ವರ ತೋರಿಸಲು ನಾನೊಬ್ಬಳೇ ಹೋಗಿದ್ದೆ. ಅವರು ಮೊಳೆ ಹೊಕ್ಕ ಹೆಬ್ಬೆರಳಿಗೆ ಕಟ್ಟು ಹಾಕಿಸಿಕೊಳ್ಳಲು ಬಂದಿದ್ದರು. ನಾನು ಮುಖ ತಪ್ಪಿಸುವ ಮೊದಲೇ ಅವರೇ ಮಾತಾಡಿಸಿದರು. "ಹುಳ ಚೆನ್ನಾಗಿ ಆಯ್ತಾ ಐತಾ ತಂಗೀ?" ಎಂದು ಕೇಳಿದರು. ಆಮೇಲೆ ಕಟ್ಟಿದ ಬೆರಳನ್ನೇ ನೋಡುತ್ತಾ ಹೇಳಿದರು: "ಊರ್ಗೆಲ್ಲ ಹೇಳೋದ್ ಬೇಡ. ಇವಳಿಗೆ ಮಾತ್ರ ಒಂದ್ ಸಲ ಬಂದು ಹೇಳಿ, ಅದು ಕೊಬ್ಬರಿ ಅಂತ. ನಾನ್ ಹೇಳಿದ್ರೆ ನಂಬಲ್ಲ."

ಬರುತ್ತೇನೆ ಎಂದೆ. ಖಂಡಿತ ಬರುತ್ತೇನೆ ಅಣ್ಣ ಎಂದೆ. ಅವರು ಇರುವೆ ಚಾಕಿನ ವಿಷಯ ಕೇಳಲಿಲ್ಲ, ಅದು ಅವರಿಗೆ ತಿಳಿದೇ ಇರಲಿಲ್ಲ. ಹುಳ ಹೇಗೆ ಸತ್ತಿತೆಂದು ಕೂಡ ಕೇಳಲಿಲ್ಲ. ಕೇಳಿದ್ದು ಒಂದೇ, ಹೆಂಡತಿ ತನ್ನನ್ನು ನಂಬಬೇಕು ಎಂದು. ನಿಮ್ಮ ಮನೆಯ ದಾರಿಯನ್ನೂ ಹೇಳಿದರು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಹೋಗಲಿಲ್ಲ. ಆ ವರ್ಷ ಹೋಗಲಿಲ್ಲ, ಮುಂದಿನ ವರ್ಷ ಹೋಗಲಿಲ್ಲ. ಮಾವ ಇರುವ ತನಕ ಬೇಡ ಅಂದುಕೊಂಡೆ. ಮಾವ ತೀರಿಕೊಂಡರು. ಮಗನ ಓದು ಮುಗಿಯಲಿ ಅಂದುಕೊಂಡೆ. ಅದೂ ಮುಗಿಯಿತು. ಮೊದಲ ತಪ್ಪನ್ನು ಹೆದರಿ ಮಾಡಿದೆ ಎಂದಾದರೂ ಹೇಳಿಕೊಳ್ಳಬಹುದು. ಈ ಎರಡನೆಯದಕ್ಕೆ ಏನು ಹೇಳಲಿ? ಆ ಹೊತ್ತಿಗೆ ಯಾರೂ ನನ್ನನ್ನು ಎಲ್ಲಿಗೂ ಕಳಿಸುವಂತಿರಲಿಲ್ಲ. ಸುಳ್ಳಿನೊಳಗೆ ಇದ್ದೂ ಇದ್ದೂ ನನಗೆ ಅದೇ ಮನೆಯಾಗಿಬಿಟ್ಟಿತ್ತು.

ಹೋದ ತಿಂಗಳು ನೀವು ಬಂದಿರಿ. ಇಷ್ಟು ವರ್ಷಗಳ ಮೇಲೆ, ಗೀತಾಳ ಕೈ ಹಿಡಿದು. ಸೆರಗು ತಲೆಯ ಮೇಲಿತ್ತು, ಹಣೆಯಲ್ಲಿ ಬೊಟ್ಟಿರಲಿಲ್ಲ. ಬಾಬಣ್ಣ ಪೆಟ್ಟಿಗೆಯ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕುಸಿದರೆಂದೂ, ಆಸ್ಪತ್ರೆ ಮುಟ್ಟಲಿಲ್ಲವೆಂದೂ ಹೇಳಿದಿರಿ. ಅತ್ತೆಯನ್ನು ನೋಡಿ ಹೋಗೋಣವೆಂದು ಬಂದೆ ಎಂದಿರಿ. ಹಳೆಯದನ್ನೆಲ್ಲ ನಗುನಗುತ್ತಲೇ ಮಾತಾಡಿದಿರಿ. ಎದ್ದು ಹೊರಡುವಾಗ, ಬಾಗಿಲಲ್ಲಿ ನಿಂತು, ಹೀಗೆಂದಿರಿ:

"ಒಂದ್ ಮಾತು ಜಯಾ. ಅವ್ರು ಸಾಯೋ ತನ್ಕ ಒಪ್ಪಲಿಲ್ಲ. ನೀನು ಕೊಬ್ಬರಿ ಕೊಟ್ಟಿದ್ದೆ ಅಂತಿದ್ರು. ನಾನು ಅಂದೆ, ಜಯಾ ನನ್ ತಂಗಿ, ಕೊಟ್ಟಿದ್ರೆ ಅವತ್ತೇ ಹೇಳ್ತಿದ್ಲು. ಸುಳ್ಳು ಹೇಳ್ಬೇಡಿ ಅಂದೆ. ಅದೊಂದು ಸುಳ್ಳಿಗೆ ನಾನು ಅವ್ರ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ ಜಯಾ, ಎಷ್ಟೋ ವರ್ಷ. ಊಟಕ್ಕೆ ಇಟ್ಟು ಆ ಕಡೆ ಹೋಗಿ ಕೂರ್ತಿದ್ದೆ."

ನಾನು ಏನು ಮಾಡಿದೆ ಗೊತ್ತಲ್ಲ. "ಇನ್ನೊಂದ್ ಲೋಟ ಕಾಫಿ ಕುಡ್ದು ಹೋಗಕ್ಕ" ಎಂದೆ. ಗೀತಾ ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು ಅನ್ನಿಸುತ್ತದೆ. ಅವಳ ಕಣ್ಣು ಅಪ್ಪನದು.

ನೀವು ಬಸ್ಸು ಹತ್ತುವ ತನಕ ನೋಡುತ್ತ ನಿಂತಿದ್ದೆ. ನನ್ನ ಸಂಸಾರ ಉಳಿಸಿಕೊಳ್ಳಲು ನಿಮ್ಮಿಂದ ಊರನ್ನು ಕಿತ್ತುಕೊಂಡೆ ಎಂದಷ್ಟೇ ನಾನು ಇಷ್ಟು ದಿನ ತಿಳಿದಿದ್ದೆ. ಅವತ್ತು ತಿಳಿಯಿತು, ನಿಮ್ಮ ಗಂಡನನ್ನೇ ನಿಮ್ಮಿಂದ ಕಿತ್ತುಕೊಂಡಿದ್ದೆ. ಅದೂ ನಿಮ್ಮ ಪಕ್ಕದಲ್ಲೇ ಇದ್ದ ಗಂಡನನ್ನು.

ನಿನ್ನೆ ನಮ್ಮ ಯಜಮಾನರಿಗೂ ಅತ್ತೆಗೂ ಎಲ್ಲ ಹೇಳಿದೆ. ಇರುವೆ ಚಾಕ್, ಕೊಬ್ಬರಿ, ಆಸ್ಪತ್ರೆ, ಎಲ್ಲ. ಅತ್ತೆ, "ಸತ್ತೋನು ಎದ್ದು ಬಂದಾನಾ? ಈಗ್ಯಾಕಮ್ಮಿ ಕೆದುಕ್ತೀಯ" ಎಂದರು. ಯಜಮಾನರು ತಟ್ಟೆ ಸರಿಸಿ, "ನಮ್ಮಪ್ಪನ ಮಾನ ಕಳೀಬೇಡ. ಯಾರ ತಾವ್ಲೂ ಆಡ್ಬೇಡ" ಎಂದು ಎದ್ದು ಹೋದರು. ಇವತ್ತು ಮಾತಾಡಿಲ್ಲ. ಆಡದಿರಲಿ. ನೀವು ಬಾಬಣ್ಣನೊಡನೆ ಮಾತು ಬಿಟ್ಟಿದ್ದಿರಲ್ಲ, ಅದು ಹೇಗಿರುತ್ತದೆಂದು ನನಗೂ ಒಸಿ ತಿಳಿಯಲಿ.

ಆ ಮಾತು ನಾನು ಜನರ ನಡುವೆ ನಿಂತು ಆಡಿದ್ದು. ಆದ್ದರಿಂದ ನಾಳೆ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಊರು ಸೇರಿದಾಗ ಅಲ್ಲಿ ಮೊದಲು ಹೇಳುತ್ತೇನೆ. ಅಲ್ಲಿಂದ ನಿಮ್ಮಲ್ಲಿಗೆ ಬರುತ್ತೇನೆ. ಗೀತಾಳೂ ಇರಬೇಕು. ನೀವು ಬಾಗಿಲು ಹಾಕಿಕೊಂಡರೆ ಸಾಲುಮನೆಯ ಹೊರಗೇ ನಿಂತು ಹೇಳುತ್ತೇನೆ, ಅಕ್ಕಪಕ್ಕದವರೂ ಕೇಳಲಿ.

ಕ್ಷಮೆ ಕೇಳುವುದಿಲ್ಲ, ಸುಗುಣಕ್ಕ. ಕೇಳಿದರೆ ನೀವು ಕೊಟ್ಟುಬಿಡುವವರು. ಇಷ್ಟು ವರ್ಷ ನೀವು ಅವರ ಮಾತು ಬಿಟ್ಟು ನನ್ನ ಮಾತು ನಂಬಿದಿರಿ. ನಾಳೆಯೂ ನನ್ನ ಮಾತನ್ನೇ ನಂಬಬೇಕು, ಬೇರೆ ಸಾಕ್ಷಿ ನನ್ನ ಹತ್ತಿರ ಇಲ್ಲ. ನಂಬಿದ ಮೇಲೆ, ನಂಬಿದೆ ಎಂದು ಹೇಳುವುದಕ್ಕೆ ನಿಮಗೆ ಅವರಿಲ್ಲ.